ಸ್ತನದ ಬಯಾಪ್ಸಿ ಅಂದ್ರೆ ಕೈಕಾಲು ನಡುಗುತ್ತೆ. ಹೇಗೆ ಎದುರಿಸಲಿ?

ಮುಂದಿನ ವಾರ ಬಯಾಪ್ಸಿ (ಗಂಟಿನಿಂದ ಸಣ್ಣ ಚೂರು ತೆಗೆದು ಪರೀಕ್ಷಿಸುವುದು), ರಾತ್ರಿ ನಿದ್ದೆಯೇ ಬರುತ್ತಿಲ್ಲ ಅಂತ ಬರೆದಿದ್ದೀರಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಯಾರೋ ಹೇಳಿದರಂತೆ. ಮೊದಲು ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಬಯಾಪ್ಸಿ ಮಾಡಿಸಿದ್ದರಿಂದ ಕಾಯಿಲೆ ಹರಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆ ಮಾತು ಕೇಳಿ ದಿನ ಮುಂದೂಡಬೇಡಿ, ದಯವಿಟ್ಟು.

ನನಗೆ ಎರಡು ವರ್ಷದ ಹಿಂದೆ ಎಡಗಡೆ ಬಯಾಪ್ಸಿ ಆಯಿತು. ಅಲ್ಟ್ರಾಸೌಂಡ್‌ನಲ್ಲಿ ಗಂಟನ್ನು ನೋಡುತ್ತಾ ಸೂಜಿ ಹಾಕುವ ಕೋರ್ ಬಯಾಪ್ಸಿ. ಮಲಗಿದ ಕೂಡಲೇ ಬೆಡ್‌ಶೀಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಕೊನೆಗೆ ಬಾಯಿಬಿಟ್ಟು ಹೇಳಿದೆ, 'ಮೇಡಂ, ನನಗೆ ತುಂಬಾ ಭಯ ಆಗ್ತಿದೆ.' ಡಾಕ್ಟರ್ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಆಮೇಲೆ ಚೂರು ತೆಗೆಯುವ ಸೂಜಿ ಇರುವ ಉಪಕರಣ, ಅಂದ್ರೆ ಬಯಾಪ್ಸಿ ಗನ್ ತೋರಿಸಿ, ಗಾಳಿಯಲ್ಲೇ ಒಮ್ಮೆ ಒತ್ತಿದರು. ಟಕ್! ಸ್ಟೇಪ್ಲರ್ ಒತ್ತಿದ ಹಾಗೆ. 'ಇಷ್ಟೇ ಸದ್ದು. ಒತ್ತುವ ಮುಂಚೆ ಪ್ರತಿ ಸಲ ಹೇಳ್ತೀನಿ' ಅಂದರು. ನರ್ಸ್ ಬಂದು ಕೈ ಹಿಡಿದುಕೊಂಡರು. ನನ್ನ ಅರ್ಧ ಭಯ ಅಲ್ಲೇ ಇಳಿಯಿತು. ನೀವೂ ಕೇಳಿ, ಸಂಕೋಚ ಬೇಡ.

ನೋವಿನ ವಿಷಯ ಮುಚ್ಚಿಡುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಚುರುಚುರು ಅಂತ ಉರಿಯುತ್ತದೆ. ನನಗೆ ಇಪ್ಪತ್ತು ಎಣಿಸುವಷ್ಟರಲ್ಲಿ ಉರಿ ಹೋಯಿತು. ಆಮೇಲೆ ಒತ್ತಿದ ಹಾಗೆ, ಜಗ್ಗಿದ ಹಾಗೆ ಅನ್ನಿಸಿತು, ಅಷ್ಟೇ. ಮಧ್ಯದಲ್ಲಿ ನೋವಾದರೆ ತಕ್ಷಣ ಹೇಳಿ, ಇನ್ನಷ್ಟು ಮದ್ದು ಹಾಕುತ್ತಾರೆ. ನನಗೆ ನಾಲ್ಕು ಸಲ ಟಕ್ ಅಂತು. ತೆಗೆದ ತುಂಡುಗಳನ್ನು ಬಾಟಲಿಯಲ್ಲಿ ನೋಡಿದೆ. ಬಿಳಿ ದಾರದ ಸಣ್ಣ ಚೂರುಗಳ ಹಾಗಿದ್ದವು. ಇದಕ್ಕಾ ಇಷ್ಟು ದಿನ ನಿದ್ದೆಗೆಟ್ಟೆ ಅಂತ ಕಣ್ಣಲ್ಲಿ ನೀರು ಬಂತು.

ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಆಸ್ಪಿರಿನ್ ತಗೊಳ್ತಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ. ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೊಂಡು ಹೋಗಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು ಪಟ್ಟಿ ಹಾಕುತ್ತಾರೆ, ನನಗೆ ಹೊಲಿಗೆ ಬೇಕಾಗಲಿಲ್ಲ. ಒಂದು ವಾರ ಅಲ್ಲಿ ನೀಲಿಗಟ್ಟಿತ್ತು, ಅದು ಸಾಮಾನ್ಯ. ಒಂದು ದಿನ ಭಾರ ಎತ್ತಬೇಡಿ. ರಕ್ತ ನಿಲ್ಲದಿದ್ದರೆ, ಊತ ಜಾಸ್ತಿಯಾಗುತ್ತಾ ಹೋದರೆ, ಜ್ವರ ಬಂದರೆ ಮಾತ್ರ ಕಾಯದೆ ಫೋನ್ ಮಾಡಿ.

ನಿಜ ಹೇಳಬೇಕೆಂದರೆ, ಸೂಜಿಗಿಂತ ಕಷ್ಟವಾದದ್ದು ರಿಪೋರ್ಟಿಗೆ ಕಾದ ಐದು ದಿನ. ನನ್ನದು ಫೈಬ್ರೋಅಡಿನೋಮಾ ಅಂತ ಬಂತು, ಕ್ಯಾನ್ಸರ್ ಅಲ್ಲದ ಗಂಟು. ನಿಮ್ಮದೂ ಹಾಗೇ ಬರುತ್ತೆ ಅಂತ ನಾನು ಹೇಳಲಾರೆ. ಆದರೆ ಬಯಾಪ್ಸಿ ಬರೆದುಕೊಟ್ಟರು ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಒಂದು ವೇಳೆ ಆಗಿದ್ದರೂ, ಅದು ಯಾವ ಬಗೆಯದು, ಯಾವ ಮದ್ದು ಹಿಡಿಯುತ್ತದೆ ಅಂತ ತಿಳಿಯುವುದು ಆ ಸಣ್ಣ ಚೂರುಗಳಿಂದಲೇ.

ಹೊರಡುವ ಮುಂಚೆ ರಿಪೋರ್ಟ್ ಯಾವತ್ತು ಬರುತ್ತೆ, ಯಾರು ಹೇಳ್ತಾರೆ ಅಂತ ಕೇಳಿಕೊಳ್ಳಿ. ಆ ದಿನ ಒಬ್ಬರೇ ಹೋಗಬೇಡಿ. ಆಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ನೋಡ್ತಾ ಇರ್ತೀನಿ.