ಓದುಗರ ಪ್ರಶ್ನೋತ್ತರ: ಇಂಧನ ಸಲಹೆಗಾರರಿಂದ ಉದ್ಯಮಕ್ಕೇನು ಪ್ರಯೋಜನ?

ಪ್ರಶ್ನೆ: ನಮ್ಮದು ಲೋಹದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆ. ಕಳೆದ ವರ್ಷಕ್ಕೆ ಹೋಲಿಸಿದರೆ ಬಳಸಿದ ಯೂನಿಟ್‌ಗಳು ಹೆಚ್ಚಿಲ್ಲ, ದರಪಟ್ಟಿಯೂ ಬದಲಾಗಿಲ್ಲ. ಆದರೂ ವಿದ್ಯುತ್ ಬಿಲ್ಲಿನ ಮೊತ್ತ ಏರಿದೆ. ಇಂಧನ ಸಲಹೆಗಾರರೊಬ್ಬರಿಗೆ ತೋರಿಸಿ ಎಂದು ನಮ್ಮ ಲೆಕ್ಕಪರಿಶೋಧಕರು ಹೇಳುತ್ತಿದ್ದಾರೆ. ಅನುಭವಿ ಎಲೆಕ್ಟ್ರಿಷಿಯನ್ ನಮ್ಮಲ್ಲೇ ಇರುವಾಗ ಸಲಹೆಗಾರರು ಬಂದು ಮಾಡುವುದೇನು?
– ಕಾರ್ಖಾನೆಯ ಮಾಲೀಕರೊಬ್ಬರು

ಉತ್ತರ: ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳುವುದು ಎಲೆಕ್ಟ್ರಿಷಿಯನ್ ಕೆಲಸ. ಅವು ಯಾವ ಹೊತ್ತಿನಲ್ಲಿ, ಎಷ್ಟು ಹೊರೆಯಲ್ಲಿ, ಯಾವ ದರಕ್ಕೆ ಓಡುತ್ತಿವೆ ಎಂಬುದನ್ನು ಬಿಲ್ಲಿನೊಂದಿಗೆ ತಾಳೆ ನೋಡುವುದು ಸಲಹೆಗಾರರ ಕೆಲಸ. ಎರಡೂ ಬೇರೆ ಬೇರೆ ವಿದ್ಯೆಗಳು. ಒಂದರಲ್ಲಿ ನಿಪುಣರಾದವರು ಇನ್ನೊಂದರಲ್ಲಿಯೂ ನಿಪುಣರಾಗಿರಬೇಕೆಂದಿಲ್ಲ.

ಯೂನಿಟ್ ಏರದೆ ಬಿಲ್ಲು ಏರಿದೆ ಎಂದರೆ ಕಾರಣ ಬಹುಮಟ್ಟಿಗೆ ಯೂನಿಟ್‌ನ ಹೊರಗಿದೆ. ಉದ್ಯಮಗಳ ಬಿಲ್ಲಿನಲ್ಲಿ ಸಾಮಾನ್ಯವಾಗಿ ಬಳಸಿದ ವಿದ್ಯುತ್ತಿಗೆ ಒಂದು ಶುಲ್ಕ, ಆ ತಿಂಗಳ ಗರಿಷ್ಠ ಬೇಡಿಕೆಗೆ ಇನ್ನೊಂದು ಶುಲ್ಕ, ಪವರ್ ಫ್ಯಾಕ್ಟರ್ (ಜಾಲದಿಂದ ಎಳೆದ ಒಟ್ಟು ಶಕ್ತಿಯಲ್ಲಿ ನಿಜವಾಗಿ ಕೆಲಸಕ್ಕೆ ಒದಗುವ ಪಾಲು) ಕುಸಿದಿದ್ದರೆ ದಂಡ, ಕೆಲವೆಡೆ ದಿನದ ಹೊತ್ತಿಗೆ ತಕ್ಕಂತೆ ಬದಲಾಗುವ ದರ ಎಲ್ಲವೂ ಸೇರಿರುತ್ತವೆ. ಇವುಗಳಲ್ಲಿ ಗರಿಷ್ಠ ಬೇಡಿಕೆಯನ್ನೇ ಮೊದಲು ನೋಡಬೇಕು. ಮೀಟರ್ ಪ್ರತಿ 15 ಅಥವಾ 30 ನಿಮಿಷಗಳ ಸರಾಸರಿ ಹೊರೆಯನ್ನು ದಾಖಲಿಸಿಕೊಳ್ಳುತ್ತದೆ, ತಿಂಗಳಿನಲ್ಲಿ ಅತಿ ಹೆಚ್ಚು ಬಂದ ಒಂದೇ ಒಂದು ಸರಾಸರಿಯ ಮೇಲೆ ಇಡೀ ತಿಂಗಳ ಬೇಡಿಕೆ ಶುಲ್ಕ ನಿಗದಿಯಾಗುತ್ತದೆ. ತಿಂಗಳುದ್ದಕ್ಕೂ 400 ಕೆವಿಎ (ಜಾಲದಿಂದ ಎಳೆಯುವ ಒಟ್ಟು ಹೊರೆಯ ಮಾನ) ಆಸುಪಾಸಿನಲ್ಲಿರುವ ಕಾರ್ಖಾನೆ ಒಂದೇ ಒಂದು ಸೋಮವಾರ ಬೆಳಿಗ್ಗೆ ಅರ್ಧ ಗಂಟೆ 520 ಕೆವಿಎ ಮುಟ್ಟಿದರೆ, ಶುಲ್ಕ 520ಕ್ಕೇ ಬೀಳುತ್ತದೆ. ಒಪ್ಪಂದದ ಮಿತಿಯೂ ದಾಟಿದ್ದರೆ ಅದರ ಮೇಲೆ ದಂಡ ಬೇರೆ.

ಮೋಟಾರ್ ಚಾಲೂ ಆಗುವಾಗ ಕೆಲವು ಸೆಕೆಂಡು ಎಳೆಯುವ ಅಧಿಕ ಪ್ರವಾಹವೇ ಇದಕ್ಕೆ ಕಾರಣ ಎಂದು ಹಲವರು ನಂಬಿದ್ದಾರೆ. ಅರ್ಧ ಗಂಟೆಯ ಸರಾಸರಿಯಲ್ಲಿ ಆ ಕೆಲವು ಸೆಕೆಂಡುಗಳು ಲೆಕ್ಕಕ್ಕೇ ಬರುವುದಿಲ್ಲ. ಬೇಡಿಕೆಯನ್ನು ನಿಜವಾಗಿ ಎತ್ತುವುದು ರಜೆಯ ನಂತರ ತಣ್ಣಗಾದ ಕುಲುಮೆ ಕಾಯಲು ತೆಗೆದುಕೊಳ್ಳುವ ಹೊತ್ತಿನಲ್ಲಿಯೇ ಕಂಪ್ರೆಸರ್, ತಂಪುಗೊಳಿಸುವ ಘಟಕ ಮತ್ತು ಉಳಿದ ಯಂತ್ರಗಳು ಪೂರ್ಣ ಹೊರೆಗೆ ಬರುವುದು. ಕುಲುಮೆಯನ್ನು ಒಂದು ಗಂಟೆ ಮೊದಲೇ ಕಾಯಿಸಲು ಹಚ್ಚುವ ಏರ್ಪಾಡಿಗೆ ಹೊಸ ಬಂಡವಾಳವೇನೂ ಬೇಕಿಲ್ಲ, ಆದರೆ ಅದು ಹೊಳೆಯಬೇಕಾದರೆ ಮೀಟರಿನ ದಾಖಲೆಯನ್ನು ದಿನದಿಂದ ದಿನಕ್ಕೆ ಬಿಡಿಸಿ ನೋಡಿರಬೇಕು. ಒಳ್ಳೆಯ ಸಲಹೆಗಾರರು ಕಾರ್ಖಾನೆಯೊಳಗೆ ಕಾಲಿಡುವ ಮುನ್ನವೇ ಈ ದಾಖಲೆಯನ್ನು ಕೇಳುತ್ತಾರೆ.

ನಂತರದ್ದು ಪವರ್ ಫ್ಯಾಕ್ಟರ್. 100 ಕಿಲೋವ್ಯಾಟ್ ಹೊರೆ 0.8 ಪವರ್ ಫ್ಯಾಕ್ಟರ್‌ನಲ್ಲಿದ್ದರೆ ಜಾಲದಿಂದ 125 ಕೆವಿಎ ಎಳೆಯುತ್ತದೆ, 0.95ಕ್ಕೆ ಏರಿಸಿದರೆ ಸುಮಾರು 105 ಕೆವಿಎ ಸಾಕು. ಪವರ್ ಫ್ಯಾಕ್ಟರನ್ನು ಎತ್ತಿಹಿಡಿಯುವ ಒಂದೆರಡು ಕೆಪಾಸಿಟರ್ ಕೆಟ್ಟು, ಯಾರ ಗಮನಕ್ಕೂ ಬಾರದೆ ಇದ್ದುಬಿಟ್ಟರೆ ನೀವು ಹೇಳಿದಂಥ ಏರಿಕೆ ಸಹಜವಾಗಿಯೇ ಆಗುತ್ತದೆ. ಹಾಗೆಂದು ಕೆಪಾಸಿಟರ್ ತಂದು ಜೋಡಿಸಿಬಿಡುವ ಅವಸರವೂ ಬೇಡ. ಮೋಟಾರಿನ ವೇಗವನ್ನು ನಿಯಂತ್ರಿಸುವ ವಿಎಫ್‌ಡಿ ಸಾಧನಗಳು ಹೆಚ್ಚಾಗಿರುವ ಕಡೆ ವಿದ್ಯುತ್ ಅಲೆಯ ವಿರೂಪ ಎನ್ನಬಹುದಾದ ಹಾರ್ಮೋನಿಕ್ಸ್‌ನಿಂದಾಗಿ ಸಾದಾ ಕೆಪಾಸಿಟರ್‌ಗಳು ಬಿಸಿಯಾಗಿ ಬೇಗ ಹಾಳಾಗುತ್ತವೆ. ಅಂಥಲ್ಲಿ ಈ ವಿರೂಪದಿಂದ ಕೆಪಾಸಿಟರನ್ನು ಕಾಯುವ ರಿಯಾಕ್ಟರ್ (ತಂತಿಯ ಸುರುಳಿ) ಸಹಿತವಾದವುಗಳನ್ನು ಹಾಕಬೇಕಾಗುತ್ತದೆ. ಯಾವುದು ಬೇಕೆಂಬುದು ಅಳತೆ ಮಾಡಿದ ಮೇಲೆಯೇ ತಿಳಿಯುತ್ತದೆ.

ಬಿಲ್ಲಿನ ನಂತರ ಕಾರ್ಖಾನೆಯ ಒಳಗನ್ನು ನೋಡುವಾಗ ಸಂಕುಚಿತ ಗಾಳಿಯ ಜಾಲಕ್ಕೆ ಆದ್ಯತೆ ಕೊಡುವಂತೆ ಕೇಳಿಕೊಳ್ಳಿ. ನಿರ್ವಹಣೆ ಸಡಿಲವಾಗಿರುವ ಕಡೆ ಕಂಪ್ರೆಸರ್ ತಯಾರಿಸಿದ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸೋರಿಹೋಗುವುದು ಅಪರೂಪವಲ್ಲ. ಯಂತ್ರಗಳೆಲ್ಲ ನಿಂತ ರಾತ್ರಿ ಕಂಪ್ರೆಸರ್ ಮಾತ್ರ ಪದೇ ಪದೇ ಹೊರೆ ಹೊತ್ತುಕೊಳ್ಳುತ್ತಿದ್ದರೆ ಅದು ಸೋರಿಕೆಗಾಗಿಯೇ ದುಡಿಯುತ್ತಿದೆ ಎಂದು ತಿಳಿಯಬಹುದು. ಸುಮಾರು 7 ಬಾರ್ ಒತ್ತಡದ ಜಾಲದಲ್ಲಿ ಒತ್ತಡವನ್ನು 1 ಬಾರ್ ಇಳಿಸಿದರೂ ಕಂಪ್ರೆಸರಿನ ವಿದ್ಯುತ್ ಶೇ 6ರಿಂದ 7ರಷ್ಟು ಉಳಿಯುತ್ತದೆ. ಫ್ಯಾನು, ಪಂಪುಗಳಲ್ಲಿ ಉಳಿತಾಯದ ಅವಕಾಶ ಇನ್ನೂ ದೊಡ್ಡದು, ಏಕೆಂದರೆ ಅವು ಎಳೆಯುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. ಫ್ಯಾನಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ತಾತ್ವಿಕವಾಗಿ ಸುಮಾರು ಅರ್ಧದಷ್ಟು ಶಕ್ತಿ ಸಾಕು. ಎತ್ತರಕ್ಕೆ ನೀರು ಏರಿಸುವ ಪಂಪಿಗೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಿ ಆಸೆ ಹುಟ್ಟಿಸುವವರೂ ಇದ್ದಾರೆ. ಅಲ್ಲಿ ಎತ್ತರವನ್ನು ಮೀರಲು ಬೇಕಾದ ಒತ್ತಡ ಕಡಿಮೆಯಾಗುವುದಿಲ್ಲವಾದ್ದರಿಂದ ಉಳಿತಾಯ ಅಷ್ಟಿರುವುದಿಲ್ಲ.

ಪ್ರಶ್ನೆ: ಸಲಹೆಗಾರರೊಬ್ಬರು ತಮಗೆ ಶುಲ್ಕವೇ ಬೇಡ, ಉಳಿತಾಯದಲ್ಲಿ ಪಾಲು ಕೊಟ್ಟರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಉಚಿತವಾಗಿಯೇ ವಿದ್ಯುತ್ ಖರೀದಿಯ ಒಪ್ಪಂದ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. ಯಾರನ್ನು ನಂಬಬೇಕು?
– ಶೀತಲೀಕರಣ ಗೋದಾಮಿನ ವ್ಯವಸ್ಥಾಪಕರು

ಉತ್ತರ: ಎರಡನೆಯವರಿಂದ ಆರಂಭಿಸೋಣ. ನೀವು ಹಣ ಕೊಡುತ್ತಿಲ್ಲವೆಂದರೆ ಬೇರೆ ಯಾರೋ ಕೊಡುತ್ತಿದ್ದಾರೆ. ವಿದ್ಯುತ್ ಪೂರೈಕೆದಾರರನ್ನು ಆರಿಸಿಕೊಳ್ಳುವ ಅವಕಾಶವಿರುವ ಮಾರುಕಟ್ಟೆಗಳಲ್ಲಿ ಮಧ್ಯವರ್ತಿಯ ಕಮಿಷನ್ ಅನೇಕ ವೇಳೆ ಪ್ರತಿ ಯೂನಿಟ್‌ನ ದರದೊಳಗೇ ಅಡಗಿರುತ್ತದೆ ಮತ್ತು ಒಪ್ಪಂದದ ಅವಧಿ ಮುಗಿಯುವವರೆಗೆ ಅದನ್ನು ತೆರುವವರು ನೀವೇ. ಕಮಿಷನ್ ಪಡೆಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಯೂನಿಟ್ ಒಂದಕ್ಕೆ ಅವರಿಗೆ ಎಷ್ಟು ಸಲ್ಲುತ್ತದೆ, ಎಷ್ಟು ಪೂರೈಕೆದಾರರಿಂದ ದರ ಕೇಳಲಾಗಿದೆ, ಒಪ್ಪಂದ ತಾನಾಗಿ ನವೀಕರಣವಾಗುವ ಷರತ್ತು ಇದೆಯೇ ಎಂಬ ಮೂರಕ್ಕೂ ಲಿಖಿತ ಉತ್ತರ ಬರದಿದ್ದರೆ ಮುಂದುವರಿಯಬೇಡಿ.

ಉಳಿತಾಯದ ಪಾಲಿನ ಒಪ್ಪಂದ ತಾತ್ವಿಕವಾಗಿ ನ್ಯಾಯಯುತವಾದದ್ದೇ. ಜಗಳ ಹುಟ್ಟುವುದು ಉಳಿತಾಯವನ್ನು ಅಳೆಯುವಾಗ. ಬಳಸದೆ ಉಳಿದ ವಿದ್ಯುತ್ತನ್ನು ಯಾವ ಮೀಟರೂ ತೋರಿಸುವುದಿಲ್ಲ. ಏನೂ ಮಾಡದಿದ್ದರೆ ಎಷ್ಟು ಬಳಕೆಯಾಗುತ್ತಿತ್ತು ಎಂಬ ಅಂದಾಜಿನಿಂದ ಈಗಿನ ಬಳಕೆಯನ್ನು ಕಳೆದು ಅದನ್ನು ಕಂಡುಕೊಳ್ಳಬೇಕು. ನಿಮ್ಮ ಗೋದಾಮನ್ನೇ ತೆಗೆದುಕೊಳ್ಳಿ. ಬೇಸಿಗೆ ಸೌಮ್ಯವಾಗಿದ್ದರೆ ಅಥವಾ ದಾಸ್ತಾನು ಕಡಿಮೆ ಬಂದಿದ್ದರೆ ಯಾವ ಸುಧಾರಣೆಯೂ ಇಲ್ಲದೆಯೇ ಬಿಲ್ಲು ಇಳಿಯುತ್ತದೆ, ಅದರಲ್ಲಿ ಸಲಹೆಗಾರರಿಗೆ ಪಾಲು ಕೊಡಲು ಕಾರಣವಿಲ್ಲ. ದಾಸ್ತಾನು ಎರಡು ಪಟ್ಟಾಗಿ ಬಿಲ್ಲು ಏರಿದ ವರ್ಷ ಅವರ ಕೆಲಸ ವ್ಯರ್ಥವಾಯಿತೆಂದು ಹೇಳುವುದೂ ಅನ್ಯಾಯ. ಆದುದರಿಂದ ಕೆಲಸ ಆರಂಭವಾಗುವ ಮುನ್ನವೇ ಕನಿಷ್ಠ 12 ತಿಂಗಳ ಬಳಕೆಯನ್ನು ಹೊರಗಿನ ತಾಪಮಾನ ಮತ್ತು ದಾಸ್ತಾನಿನ ಪ್ರಮಾಣದೊಂದಿಗೆ ಹೊಂದಿಸಿ ಆಧಾರರೇಖೆಯೊಂದನ್ನು ತಯಾರಿಸಿ, ಅದನ್ನು ತಿದ್ದುವ ಸೂತ್ರದ ಸಮೇತ ಒಪ್ಪಂದಕ್ಕೆ ಲಗತ್ತಿಸಬೇಕು. ಇದಕ್ಕೆ ಐಪಿಎಂವಿಪಿ ಎಂಬ ಅಂತರರಾಷ್ಟ್ರೀಯ ಅಳತೆ ಮತ್ತು ಪರಿಶೀಲನಾ ವಿಧಾನ ಬಳಕೆಯಲ್ಲಿದೆ. ನಿಮ್ಮ ಸಲಹೆಗಾರರಿಗೆ ಆ ಹೆಸರೇ ಅಪರಿಚಿತವಾಗಿದ್ದರೆ ನಿಗದಿತ ಶುಲ್ಕ ಕೊಟ್ಟು ವರದಿ ಪಡೆಯುವುದೇ ಮೇಲು.

ಪ್ರಶ್ನೆ: ಬಲ್ಬುಗಳನ್ನೆಲ್ಲ ಎಲ್ಇಡಿಗೆ ಬದಲಾಯಿಸಿದ್ದೇವೆ. ಇನ್ನೂ ಉಳಿತಾಯ ಸಾಧ್ಯವೇ?
– ಕಚೇರಿ ಸಂಕೀರ್ಣದ ಮೇಲ್ವಿಚಾರಕರು

ಉತ್ತರ: ಖಂಡಿತ ಸಾಧ್ಯ. ಯಾರೂ ಇಲ್ಲದ ರಜಾದಿನ ನಡುರಾತ್ರಿಯಲ್ಲಿ ಮೀಟರ್ ಎಷ್ಟು ಹೊರೆ ತೋರಿಸುತ್ತದೆ ಎಂದು ನೋಡಿ. ಅದು ಹಗಲಿನ ಹೊರೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿದ್ದರೆ ಹವಾನಿಯಂತ್ರಣದ ವೇಳಾಪಟ್ಟಿಯಿಂದ ತನಿಖೆ ಆರಂಭಿಸಬಹುದು.

ಪ್ರಶ್ನೆ: ಪರಿಸರದ ದೃಷ್ಟಿಯಿಂದಲೂ ವೆಚ್ಚದ ದೃಷ್ಟಿಯಿಂದಲೂ ಮೊದಲು ಚಾವಣಿಯ ಮೇಲೆ ಸೌರ ಫಲಕ ಹಾಕಿಸಿ ಎಂದು ನಮಗೆ ಸಲಹೆ ಬಂದಿದೆ. ಇದು ಸರಿಯಾದ ಕ್ರಮವೇ?
– ಆಹಾರ ಸಂಸ್ಕರಣಾ ಘಟಕದ ಪಾಲುದಾರರು

ಉತ್ತರ: ಸೌರ ಫಲಕದ ಬಗ್ಗೆ ನನಗೆ ಆಕ್ಷೇಪವಿಲ್ಲ, ಅದನ್ನು ಮೊದಲಿಗೆ ಇಡುವುದರ ಬಗ್ಗೆ ಇದೆ. ಸೋರುವ ಉಗಿ, ನಿರೋಧಕ ಹೊದಿಕೆಯಿಲ್ಲದ ಕೊಳವೆ, ಅರ್ಧ ಹೊರೆಯಲ್ಲಿ ಓಡುವ ಹಳೆಯ ಮೋಟಾರುಗಳು ಇವನ್ನೆಲ್ಲ ಹಾಗೆಯೇ ಬಿಟ್ಟು ಫಲಕದ ಗಾತ್ರ ನಿರ್ಧರಿಸಿದರೆ ವ್ಯರ್ಥವಾಗುವ ವಿದ್ಯುತ್ತಿಗಾಗಿಯೂ ಫಲಕ ಕೊಂಡಂತಾಗುತ್ತದೆ.

ಇನ್ನೆರಡು ತಾಂತ್ರಿಕ ಸಂಗತಿಗಳನ್ನು ಮಾರಾಟಗಾರರು ಹೆಚ್ಚಾಗಿ ಪ್ರಸ್ತಾಪಿಸುವುದಿಲ್ಲ. ನಿಮ್ಮ ಗರಿಷ್ಠ ಬೇಡಿಕೆ ಸಂಜೆ ಕವಿದ ಮೇಲೆ ಬರುತ್ತಿದ್ದರೆ ಸೌರಶಕ್ತಿ ಯೂನಿಟ್‌ಗಳನ್ನು ಇಳಿಸುತ್ತದೆಯೇ ಹೊರತು ಬೇಡಿಕೆ ಶುಲ್ಕವನ್ನಲ್ಲ. ಎರಡನೆಯದಾಗಿ, ಸೌರ ಇನ್‌ವರ್ಟರ್ ಕೇವಲ ಕ್ರಿಯಾಶೀಲ ಶಕ್ತಿಯನ್ನು (ನಿಜವಾಗಿ ಕೆಲಸ ಮಾಡುವ, ಕಿಲೋವ್ಯಾಟ್‌ನಲ್ಲಿ ಅಳೆಯುವ ಶಕ್ತಿಯನ್ನು) ಒದಗಿಸುವಂತೆ ಹೊಂದಿಸಿದ್ದರೆ ಪವರ್ ಫ್ಯಾಕ್ಟರ್ ಕುಸಿದಂತೆ ಮೀಟರಿಗೆ ಕಾಣುತ್ತದೆ. 100 ಕಿಲೋವ್ಯಾಟ್ ಮತ್ತು 60 ಕೆವಿಎಆರ್ (ಮೋಟಾರುಗಳ ಕಾಂತಕ್ಷೇತ್ರಕ್ಕೆ ಬೇಕಾಗುವ, ನೇರ ಕೆಲಸ ಮಾಡದ ಶಕ್ತಿಯ ಮಾನ) ಹೊರೆಯ ಘಟಕದ ಪವರ್ ಫ್ಯಾಕ್ಟರ್ ಸುಮಾರು 0.86 ಇರುತ್ತದೆ. ಅದರಲ್ಲಿ 60 ಕಿಲೋವ್ಯಾಟ್ ಸೂರ್ಯನಿಂದ ಬಂದರೆ ಜಾಲದಿಂದ ಎಳೆಯುವುದು 40 ಕಿಲೋವ್ಯಾಟ್ ಮಾತ್ರ. 60 ಕೆವಿಎಆರ್ ಹಾಗೆಯೇ ಉಳಿಯುವುದರಿಂದ ಪವರ್ ಫ್ಯಾಕ್ಟರ್ 0.55ಕ್ಕೆ ಇಳಿಯುತ್ತದೆ. ಯಂತ್ರಗಳಲ್ಲಿ ಯಾವ ದೋಷವೂ ಇಲ್ಲದೆ ದಂಡ ಬೀಳುವುದು ಹೀಗೆ. ಇನ್‌ವರ್ಟರಿನ ಹೊಂದಾಣಿಕೆ ಬದಲಿಸಿ ಅಥವಾ ಕೆಪಾಸಿಟರ್ ಸೇರಿಸಿ ಇದನ್ನು ಸರಿಪಡಿಸಬಹುದು, ಆದರೆ ಅದರ ವೆಚ್ಚ ಮೊದಲ ಅಂದಾಜುಪಟ್ಟಿಯಲ್ಲಿಯೇ ಕಾಣಬೇಕು.

ಪ್ರಶ್ನೆ: ನಮ್ಮಿಂದ ಸರಕು ಕೊಳ್ಳುವ ದೊಡ್ಡ ಕಂಪನಿ ಈ ವರ್ಷದಿಂದ ನಮ್ಮ ಇಂಗಾಲದ ಲೆಕ್ಕ ಕೇಳುತ್ತಿದೆ. ವಿದ್ಯುತ್ ಬಿಲ್ಲು ನೋಡುವ ಸಲಹೆಗಾರರೇ ಇದನ್ನೂ ಮಾಡಿಕೊಡಬಲ್ಲರೇ?
– ಜವಳಿ ಘಟಕದ ಹಣಕಾಸು ಅಧಿಕಾರಿ

ಉತ್ತರ: ಮಾಡಿಕೊಡಬಲ್ಲರು, ಮೂಲ ದತ್ತಾಂಶ ಬಹುಪಾಲು ಒಂದೇ ಆಗಿರುವುದರಿಂದ ಒಬ್ಬರೇ ಮಾಡುವುದು ಒಳ್ಳೆಯದೂ ಹೌದು. 2001ರಲ್ಲಿ ಮೊದಲು ಪ್ರಕಟವಾದ ಜಿಎಚ್‌ಜಿ ಪ್ರೋಟೊಕಾಲ್ ಎಂಬ ಲೆಕ್ಕಪದ್ಧತಿ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ನಿಮ್ಮ ಬಾಯ್ಲರ್, ಜನರೇಟರ್, ವಾಹನಗಳಲ್ಲಿ ಉರಿಯುವ ಇಂಧನ ಮೊದಲನೆಯದು. ಕೊಂಡ ವಿದ್ಯುತ್ತು ಎರಡನೆಯದು. ಕಚ್ಚಾವಸ್ತು, ಸಾಗಣೆ ಮುಂತಾದವು ಮೂರನೆಯದು. ನಿಮ್ಮ ಮೊದಲೆರಡು ವ್ಯಾಪ್ತಿಗಳು ಆ ದೊಡ್ಡ ಕಂಪನಿಯ ಮೂರನೆಯ ವ್ಯಾಪ್ತಿಗೆ ಸೇರುತ್ತವೆ, ಅವರು ಕೇಳುತ್ತಿರುವುದು ಅದಕ್ಕಾಗಿಯೇ.

ಇದೇ ಪ್ರೋಟೊಕಾಲ್‌ನ 2015ರ ಮಾರ್ಗಸೂಚಿಯ ಪ್ರಕಾರ ಎರಡನೆಯ ವ್ಯಾಪ್ತಿಯನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ಒಂದರಲ್ಲಿ ನಿಮ್ಮ ಪ್ರದೇಶದ ಜಾಲದ ಸರಾಸರಿ ಹೊರಸೂಸುವಿಕೆಯಿಂದ ಯೂನಿಟ್‌ಗಳನ್ನು ಗುಣಿಸುತ್ತಾರೆ, ಇನ್ನೊಂದರಲ್ಲಿ ನೀವು ಮಾಡಿಕೊಂಡ ಒಪ್ಪಂದ ಅಥವಾ ಕೊಂಡ ಹಸಿರು ಪ್ರಮಾಣಪತ್ರಗಳನ್ನು ಪರಿಗಣಿಸುತ್ತಾರೆ. ಪ್ರಮಾಣಪತ್ರ ಕೊಂಡಾಗ ಎರಡನೆಯ ಅಂಕಿ ಶೂನ್ಯಕ್ಕೆ ಇಳಿದರೂ ಮೊದಲನೆಯದು ಕದಲುವುದಿಲ್ಲ. ಅದೊಂದನ್ನೇ ಮುಂದಿಟ್ಟು ಕಾರ್ಖಾನೆ ಇಂಗಾಲಮುಕ್ತವಾಯಿತೆಂದು ಬರೆದುಕೊಡುವ ಸಲಹೆಗಾರರಿಂದ ದೂರವಿರಿ. ಕೊಳ್ಳುವ ಕಂಪನಿಯ ಪರಿಶೋಧಕರು ಎರಡೂ ಅಂಕಿಗಳನ್ನು ಕೇಳಿಯೇ ಕೇಳುತ್ತಾರೆ.

ವರ್ಷಕ್ಕೊಮ್ಮೆ ಬಿಲ್ಲು ಗುಡ್ಡೆ ಹಾಕಿ ಲೆಕ್ಕ ಮಾಡುವ ಬದಲು ಇಂಧನ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 50001ರ ಮಾದರಿಯಲ್ಲಿ ವ್ಯವಸ್ಥೆಯೊಂದನ್ನು ಕಟ್ಟಿಕೊಳ್ಳುವುದು ನಿಮಗೆ ಹೆಚ್ಚು ಉಪಯುಕ್ತ. 2011ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದ ಈ ಮಾನದಂಡ ಇಷ್ಟೇ ಉಳಿಸಬೇಕೆಂದು ಗುರಿ ವಿಧಿಸುವುದಿಲ್ಲ. ಆಧಾರರೇಖೆ, ಜವಾಬ್ದಾರರು, ಅಳತೆಯ ಸೂಚಕ, ನಿಯತ ಪರಿಶೀಲನೆ ಇವು ಕಾಗದದಲ್ಲೂ ಕಾರ್ಯದಲ್ಲೂ ಇರಬೇಕೆಂದು ಕೇಳುತ್ತದೆ. ನಿಮ್ಮಂಥ ಘಟಕಕ್ಕೆ ಒಂದು ಕಿಲೋ ಬಟ್ಟೆಗೆ ತಗಲುವ ಯೂನಿಟ್ ಮತ್ತು ಉಗಿಯ ಪ್ರಮಾಣ ಒಳ್ಳೆಯ ಸೂಚಕ. ಬಣ್ಣ ಹಾಕುವ ವಿಭಾಗಕ್ಕೂ ನೇಯ್ಗೆಯ ವಿಭಾಗಕ್ಕೂ ಪ್ರತ್ಯೇಕ ಉಪಮೀಟರ್ ಇಲ್ಲದಿದ್ದರೆ ಸಲಹೆಗಾರರನ್ನು ಕರೆಯುವ ಮೊದಲೇ ಅವನ್ನು ಹಾಕಿಸಿ. ಅವರು ಬಂದಾಗ ಮೂರು ತಿಂಗಳ ದಾಖಲೆಯಾದರೂ ಕೈಯಲ್ಲಿರುತ್ತದೆ.