ಭಾನುವಾರ ಹೋಗಿ ಬಂದರೆ ಸಾಲದೇ?

ಪ್ರಿಯ ಸಹೋದರಿ,

ನಿಮ್ಮ ಉದ್ದನೆಯ ಪತ್ರ ಕೈಸೇರಿತು. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ತವರು ಗುಬ್ಬಿ. ದೀಕ್ಷಾಸ್ನಾನ (ಬ್ಯಾಪ್ಟಿಸಂ), ದೊಡ್ಡವರಾದ ಮೇಲೆ ನಂಬಿಕೆಯನ್ನು ತಾವಾಗಿ ಒಪ್ಪಿಕೊಳ್ಳುವ ದೃಢೀಕರಣ ಎರಡೂ ಅಲ್ಲಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನಲ್ಲೇ ಆಗಿವೆ. ಮದುವೆಯಾಗಿ ನಾಲ್ಕು ವರ್ಷದಿಂದ ಯಲಹಂಕದಲ್ಲಿದ್ದೀರಿ. ಒಂದು ಭಾನುವಾರ ಹಡ್ಸನ್ ಚರ್ಚು, ಇನ್ನೊಂದು ಭಾನುವಾರ ಮನೆ ಹತ್ತಿರದ ಹಾಲ್‌ನಲ್ಲಿ ನಡೆಯುವ ಫೆಲೋಶಿಪ್, ಮಳೆ ಬಂದರೆ ಯೂಟ್ಯೂಬು. ಈಗ ಮಗಳಿಗೆ ದೀಕ್ಷಾಸ್ನಾನ ಕೊಡಿಸಬೇಕು ಅಂತ ಒಂದು ಚರ್ಚ್ ಆಫೀಸಿಗೆ ಹೋದರೆ, ಮೊದಲು ಕೇಳಿದ್ದೇ "ನೀವಿಲ್ಲಿ ಮೆಂಬರಾ?" ಅಂತ. ನಿಮಗೆ ಸಿಟ್ಟು ಬಂದಿದೆ. "ದೇವರು ಕೇಳದ ರಿಜಿಸ್ಟರು ಇವರಿಗೇಕೆ?" ಎಂದು ಬರೆದಿದ್ದೀರಿ.

ದೇವರ ಹತ್ತಿರವೂ ಒಂದು ಪಟ್ಟಿ ಇದೆ ಅಂತ ಬೈಬಲಿನ ಪ್ರಕಟನೆ ಪುಸ್ತಕ ಹೇಳುತ್ತದೆ. ಆದರೆ ಅದಕ್ಕೂ ಚರ್ಚ್ ಆಫೀಸಿನ ರಿಜಿಸ್ಟರಿಗೂ ಸಂಬಂಧವಿಲ್ಲ ಬಿಡಿ. ರಕ್ಷಣೆ ಸಿಗಲು ಮೆಂಬರ್‌ಶಿಪ್ ಬೇಕು ಅಂತ ಯಾವ ಅಯ್ಯನವರೂ (ಚರ್ಚಿನ ಪಾದ್ರಿಗಳೂ) ಹೇಳುವುದಿಲ್ಲ. ಹೇಳಿದರೆ ನಂಬಬೇಡಿ.

ಹಾಗಂತ ಆಫೀಸಿನವರು ಕೇಳಿದ್ದು ತಪ್ಪಲ್ಲ. ಮಗುವಿಗೆ ದೀಕ್ಷಾಸ್ನಾನ ಕೊಡುವಾಗ ನಡೆಯುವುದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅಯ್ಯನವರು ತಂದೆತಾಯಿಯನ್ನು ಪ್ರಶ್ನೆ ಕೇಳಿ ಸುಮ್ಮನಾಗುವುದಿಲ್ಲ. ಕೂತಿರುವ ಸಭೆಯೂ ಆ ಮಗುವನ್ನು ನಂಬಿಕೆಯಲ್ಲಿ ಬೆಳೆಸುವ ಹೊಣೆ ಹೊರಬೇಕು. ಮುಂದಿನ ವಾರ ನೀವು ಇನ್ನೊಂದು ಚರ್ಚಿಗೆ ಹೋದರೆ ಆ ಮಾತು ಕೊಟ್ಟವರು ಮಗುವನ್ನು ಎಲ್ಲಿ ಹುಡುಕಬೇಕು? ಕೇಳಿದ ಧಾಟಿ ಒರಟಾಗಿತ್ತೇನೋ, ಅದು ಬೇರೆ ಮಾತು. ನಮ್ಮ ಚರ್ಚ್ ಆಫೀಸುಗಳಲ್ಲಿ ಕೆಲವು ಕಡೆ ಹೊಸಬರನ್ನು ಸಾಲ ಕೇಳಲು ಬಂದವರ ಹಾಗೆ ನೋಡುತ್ತಾರೆ. ಇದನ್ನು ಅಲ್ಲಿನ ಕಮಿಟಿಯವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಮೆಂಬರ್ ಆಗದೆ ನೀವು ಎಷ್ಟು ವರ್ಷ ಬೇಕಾದರೂ ಆರಾಧನೆಗೆ ಬರಬಹುದು, ಯಾರೂ ತಡೆಯುವುದಿಲ್ಲ. ಆದರೆ ಒಂದು ತಿಂಗಳು ಬರದೇ ಇದ್ದರೆ ಯಾಕೆ ಬರಲಿಲ್ಲ ಅಂತ ಯಾರೂ ವಿಚಾರಿಸುವುದೂ ಇಲ್ಲ. ಹೆಸರು ಸೇರಿಸಿದ ಮೇಲೆ ಅವರು ನಿಮ್ಮನ್ನು ಕೇಳಬಹುದು, ನೀವು ಅವರನ್ನು ಕೇಳಬಹುದು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ವರ್ಷಕ್ಕೊಮ್ಮೆ ಸಭೆಯ ಲೆಕ್ಕಪತ್ರ ಮಂಡಿಸುತ್ತಾರೆ. ಕಮಿಟಿಗೆ ಚುನಾವಣೆ ನಡೆಯುತ್ತದೆ. ಬೆಂಗಳೂರಿನ ಹಳೆಯ ಚರ್ಚುಗಳು ಕೂತಿರುವ ಜಾಗದ ಬೆಲೆ ಏನು ಅಂತ ನಿಮಗೆ ಗೊತ್ತು. ಚರ್ಚ್ ಆಸ್ತಿಯ ಜಗಳ ಕೋರ್ಟಿನ ಮೆಟ್ಟಿಲು ಹತ್ತುವುದು ಈ ಊರಿನಲ್ಲಿ ಹೊಸದೇನಲ್ಲ. ಕಾಣಿಕೆ ಹಾಕಿ ಮನೆಗೆ ಹೋಗುವವರು ಜಾಸ್ತಿಯಾದಷ್ಟೂ, ಲೆಕ್ಕ ಕೇಳುವವರು ಕಮ್ಮಿಯಾಗುತ್ತಾರೆ. ನಿಮ್ಮಂಥ ಓದಿದ ಹೆಣ್ಣುಮಕ್ಕಳು ಆ ಮೀಟಿಂಗಿನಲ್ಲಿ ಕೂತು "ಈ ಖರ್ಚು ಯಾವುದು?" ಅಂತ ಕೇಳಬೇಕು. ಮೆಂಬರ್ ಅಲ್ಲದಿದ್ದರೆ ಆ ಬಾಗಿಲು ಮುಚ್ಚಿಯೇ ಇರುತ್ತದೆ.

ಇನ್ನು ಫೆಲೋಶಿಪ್ ವಿಚಾರ. "ಚಿಕ್ಕಂದಿನಲ್ಲಿ ಆದದ್ದು ಲೆಕ್ಕಕ್ಕಿಲ್ಲ, ನೀವು ಮತ್ತೆ ದೀಕ್ಷಾಸ್ನಾನ ತಗೊಂಡರೆ ಮಾತ್ರ ಸೇರಿಸಿಕೊಳ್ಳುತ್ತೇವೆ" ಎಂದು ಅಲ್ಲಿನ ಪಾಸ್ಟರ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ಅವರು ನಿಮಗೆ ಮೋಸ ಮಾಡುತ್ತಿಲ್ಲ. ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳವರ ನಂಬಿಕೆಯೇ ಅದು: ತಾನಾಗಿ ನಂಬಿದವರು ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಸಿ.ಎಸ್.ಐ., ಕ್ಯಾಥೊಲಿಕ್ ಸಭೆಗಳು ಹೇಳುವುದು ಬೇರೆ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಒಮ್ಮೆ ಆದರೆ ಆಯಿತು, ಇನ್ನೊಮ್ಮೆ ಇಲ್ಲ. ಯಾವುದು ಸರಿ ಅಂತ ನಾನು ತೀರ್ಪು ಕೊಡಲು ಹೋಗುವುದಿಲ್ಲ, ಐನೂರು ವರ್ಷದಿಂದ ಮುಗಿಯದ ವಾದ ಇದು. ಮನಸ್ಸಿಗೆ ನಿಜವಾಗಿ ಒಪ್ಪಿಗೆಯಾದರೆ ಹೋಗಿ. ಆದರೆ ಹಾಲ್ ಮನೆಗೆ ಹತ್ತಿರ, ಹಾಡು ಚೆನ್ನಾಗಿದೆ ಅನ್ನುವ ಕಾರಣಕ್ಕೆ ಗುಬ್ಬಿಯಲ್ಲಿ ನಿಮ್ಮ ಅಪ್ಪ ಅಮ್ಮ ಕೊಡಿಸಿದ್ದನ್ನು ಇಲ್ಲ ಅನ್ನಬೇಡಿ. ಮಗಳ ವಿಷಯವೂ ಇದೆಯಲ್ಲ. ಅಲ್ಲಿ ಮಕ್ಕಳಿಗೆ ಕೈಯಿಟ್ಟು ಪ್ರಾರ್ಥನೆ ಮಾಡಿ ಸಮರ್ಪಿಸುತ್ತಾರೆ, ದೀಕ್ಷಾಸ್ನಾನ ಕೊಡುವುದಿಲ್ಲ. ನೀವು ಕೇಳಿಕೊಂಡು ಹೊರಟಿದ್ದೇ ದೀಕ್ಷಾಸ್ನಾನ, ಅಲ್ವಾ?

ಹಾಗಾದರೆ ಯಾವ ಚರ್ಚು? ಗುಬ್ಬಿಯವರಿಗೆ ಹಡ್ಸನ್ ಚರ್ಚಿನ ಮೇಲೆ ಒಲವು ಸಹಜ. ಗುಬ್ಬಿಯಲ್ಲೂ ಇಲ್ಲೂ ಕೆಲಸ ಮಾಡಿದ್ದು ಅದೇ ವೆಸ್ಲಿಯನ್ ಮಿಷನ್. ಕಾರ್ಪೊರೇಷನ್ ಹತ್ತಿರದ ಆ ಕಲ್ಲಿನ ಕಟ್ಟಡ 1904ರದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಲಂಡನ್ ಮಿಷನ್‌ನವರದು. ನಮ್ಮ ಶಾಸನಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಇದ್ದರಲ್ಲ, ಅವರ ತಂದೆಯ ಹೆಸರು ಅದಕ್ಕಿದೆ. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದಾಗಿತ್ತು. ನಿಮ್ಮ ಮುತ್ತಜ್ಜಿ ಕಾಲದಲ್ಲಾದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಸೇರುವುದು ಪಂಗಡ ಬದಲಿಸಿದ ಹಾಗೆ. 1947ರ ಸೆಪ್ಟೆಂಬರ್ 27ರಂದು ಈ ಮಿಷನ್‌ಗಳ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಹಾಗಾಗಿ ಗುಬ್ಬಿಯ ಸಭೆಯಿಂದ ತಂದ ಒಂದು ಟ್ರಾನ್ಸ್‌ಫರ್ ಪತ್ರ ಮೂರೂ ಕಡೆ ನಡೆಯುತ್ತದೆ.

ಆದರೂ ನನ್ನ ಸಲಹೆ, ಚರಿತ್ರೆ ನೋಡಿ ಚರ್ಚು ಆರಿಸಬೇಡಿ. ಯಲಹಂಕದಿಂದ ಕಾರ್ಪೊರೇಷನ್‌ಗೆ ಭಾನುವಾರ ಬೆಳಿಗ್ಗೆ ಸಲೀಸಾಗಿ ಬರಬಹುದು. ಬುಧವಾರ ಸಂಜೆ ಹೆಬ್ಬಾಳದ ಫ್ಲೈಓವರ್ ದಾಟಿ ಪ್ರಾರ್ಥನಾ ಕೂಟಕ್ಕೆ ಬರುತ್ತೀರಾ? ಮನೆಯಲ್ಲಿ ಯಾರಿಗಾದರೂ ರಾತ್ರಿ ಹುಷಾರು ತಪ್ಪಿದರೆ ಅಯ್ಯನವರು ಅಷ್ಟು ದೂರ ಬರಲಾದೀತೇ? ನಿಮ್ಮ ಕಡೆಯೇ ಕನ್ನಡ ಆರಾಧನೆ ಇರುವ ಸಭೆ ಹುಡುಕಿ. ಒಂದೇ ಚರ್ಚಿನಲ್ಲಿ ಇಂಗ್ಲಿಷಿಗೆ ಒಂದು ಹೊತ್ತು, ತಮಿಳಿಗೆ ಒಂದು ಹೊತ್ತು, ಕನ್ನಡಕ್ಕೆ ಒಂದು ಹೊತ್ತು ಇರುವುದುಂಟು. ಹೊರಗಿನ ಬೋರ್ಡು ನೋಡಿದರೆ ತಿಳಿಯುತ್ತದೆ. ಚರ್ಚಿನ ಸುಗ್ಗಿ ಹಬ್ಬದ ದಿನ ಹೋದರೆ ಇನ್ನೂ ಒಳ್ಳೆಯದು. ಜನ ಮನೆಯಿಂದ ತಂದ ಕುಂಬಳಕಾಯಿ, ತೆಂಗಿನಕಾಯಿ, ಕೋಳಿ, ಕೇಕು ಎಲ್ಲ ಹರಾಜಿಗೆ ಇಟ್ಟಿರುತ್ತಾರೆ. ಹರಾಜು ಕೂಗುವವರ ತಮಾಷೆ, ಸುಮ್ನೆ ರೇಟು ಏರಿಸುವ ಹುಡುಗರು, ದುಡ್ಡು ಕೊಟ್ಟು ಗೆದ್ದ ಕುಂಬಳಕಾಯಿಯನ್ನು ಮತ್ತೆ ಹರಾಜಿಗೇ ಕೊಟ್ಟುಬಿಡುವ ಅಜ್ಜ. ಆ ಸಭೆಯಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ, ಯಾರು ಗೋಡೆಗೆ ಒರಗಿ ಒಬ್ಬರೇ ನಿಂತಿದ್ದಾರೆ, ಎಲ್ಲ ಅಲ್ಲೇ ಕಾಣುತ್ತದೆ. ಅಯ್ಯನವರ ಪ್ರಸಂಗ ಕೇಳಿ ಇಷ್ಟು ತಿಳಿಯುವುದಿಲ್ಲ.

ಸೇರುವ ವಿಧಾನ ಸುಲಭ. ಗುಬ್ಬಿಯ ಅಯ್ಯನವರಿಂದ ಟ್ರಾನ್ಸ್‌ಫರ್ ಪತ್ರ ತನ್ನಿ. ನಿಮ್ಮ ದೀಕ್ಷಾಸ್ನಾನ, ದೃಢೀಕರಣದ ತಾರೀಖು, ಕರ್ತನ ಭೋಜನ ತೆಗೆದುಕೊಳ್ಳುವ ಸದಸ್ಯರು ಅನ್ನುವುದು ಅದರಲ್ಲಿರಲಿ. ಯಜಮಾನರದ್ದು ಬೇರೆ ಊರಿನ ಸಭೆಯಾದರೆ ಅಲ್ಲಿಂದ ಅವರದೂ ಬೇಕು. ಇಲ್ಲಿನ ಅಯ್ಯನವರು ಕಮಿಟಿ ಮುಂದಿಟ್ಟು ಹೆಸರು ಸೇರಿಸುತ್ತಾರೆ. ಚಂದಾ ಎಷ್ಟು ಅಂತ ಮುಲಾಜಿಲ್ಲದೆ ಕೇಳಿ. ಸಭೆಯಿಂದ ಸಭೆಗೆ ಅದು ಬೇರೆ. ಬಾಕಿ ಬಿದ್ದರೆ ಓಟು ಹಾಕುವ ಹಕ್ಕು ಹೋಗುವುದು ಸಾಮಾನ್ಯ, ನಿಮ್ಮ ಮಗಳಿಗೆ ಸಂಡೇ ಸ್ಕೂಲ್ ತಪ್ಪುವುದಿಲ್ಲ.

ಕ್ಯಾಥೊಲಿಕ್ ಓದುಗರೂ ಇದನ್ನು ಕೇಳುತ್ತಿರುತ್ತಾರೆ. ಅವರಿಗೆ ಇದು ಇನ್ನೂ ಸುಲಭ. ಮನೆ ಯಾವ ಧರ್ಮಕೇಂದ್ರದ (ಪ್ಯಾರಿಷ್) ಗಡಿಯಲ್ಲಿದೆಯೋ ಸಾಮಾನ್ಯವಾಗಿ ಅದೇ ಅವರದು. ಫಾದರ್ ಅವರನ್ನು ಕಂಡು ಕುಟುಂಬದ ಹೆಸರು ಬರೆಸಿದರೆ ಸಾಕು.

ಪತ್ರ ತರಲು ಗುಬ್ಬಿಗೆ ಹೋದಾಗ ಅಲ್ಲಿನ ಹಳೆಯ ಚಂದಾ ಬಾಕಿ ಇದ್ದರೆ ಕಟ್ಟಿಬಿಡಿ. ಅಯ್ಯನವರು ಸಹಿ ಹಾಕುವ ಮುಂಚೆ ಅದನ್ನೇ ಕೇಳುತ್ತಾರೆ.

ಸಂಪಾದಕ