ಮೊದಲು ಕುದುರೆ, ಆಮೇಲೆ ಎತ್ತು

ಪತ್ರ: ಬ್ರಿಟಿಷರು ದನಗಳಿಗೂ ವೈದ್ಯರನ್ನು ಇಟ್ಟಿದ್ದರು ಎಂದು ಬರೆದಿದ್ದೀರಿ. ಆದರೆ ದನಗಳಿಗೆ ದೊಡ್ಡರೋಗ (ರಿಂಡರ್‌ಪೆಸ್ಟ್ ಎಂಬ ಅಂಟುಜಾಡ್ಯ) ಬಂದಾಗ ನಮ್ಮೂರಿಗೆ ಯಾವ ಡಾಕ್ಟರೂ ಬರಲಿಲ್ಲ, ದ್ಯಾಮವ್ವನೇ ಗತಿಯಾಗಿದ್ದಳು ಎಂದು ಅಜ್ಜ ಹೇಳುತ್ತಿದ್ದರು. ಹಾಗಾದರೆ ಆ ಇಲಾಖೆ ಇದ್ದದ್ದು ಯಾರಿಗೆ?
– ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ: ಶುರುವಿನಲ್ಲಿ ಕುದುರೆಗೆ. ಸೇನೆಗೆ ಒಳ್ಳೆ ಕುದುರೆ ಬೇಕು ಅಂತ ಕಂಪನಿ ಸರ್ಕಾರ 1808ರಲ್ಲೇ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಪಶುವೈದ್ಯನನ್ನು ಇಂಗ್ಲೆಂಡಿನಿಂದ ಕರೆಸಿ, ಬಿಹಾರದ ಪೂಸಾದ ತಳಿಕೇಂದ್ರ ನೋಡಿಕೊಳ್ಳಲು ಬಿಟ್ಟಿತು. ಎತ್ತಿನ ಸರದಿ ಬಂದದ್ದು ಅರವತ್ತು ವರ್ಷದ ಮೇಲೆ. ಅದೂ ಪ್ರೀತಿಯಿಂದಲ್ಲ. ಎತ್ತು ಸತ್ತರೆ ಉಳುಮೆ ಇಲ್ಲ, ಉಳುಮೆ ಇಲ್ಲದಿದ್ದರೆ ಕಂದಾಯ ಎಲ್ಲಿಂದ ಬರಬೇಕು?

ಈ ದೊಡ್ಡರೋಗದ ವಿಚಾರಣೆಗೆ 1869ರಲ್ಲಿ ಪಶುವೈದ್ಯ ಹ್ಯಾಲೆನ್ ಅಧ್ಯಕ್ಷತೆಯಲ್ಲಿ ದನಗಳ ಪಿಡುಗಿನ ಆಯೋಗ ನೇಮಕವಾಯಿತು. ಅದಕ್ಕೆ ಮೂರ್ನಾಲ್ಕು ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ಇದೇ ರೋಗ ಹಬ್ಬಿದಾಗ ದನಗಳನ್ನು ಕೊಂದೇ ತಡೆದಿದ್ದರು. ಇಲ್ಲಿ ಆ ಮಾತೆತ್ತಿದ್ದರೆ ಊರಿಗೆ ಊರೇ ತಿರುಗಿ ಬೀಳುತ್ತಿತ್ತು. ಹಾಗಾಗಿ ಎರಡೇ ದಾರಿ: ರೋಗದ ದನವನ್ನು ಬೇರೆ ಕಟ್ಟಬೇಕು, ಇಲ್ಲಾ ಮದ್ದು ಹುಡುಕಬೇಕು.

ಪಶುವೈದ್ಯ ಕಾಲೇಜುಗಳು ಬಂದವು: ಲಾಹೋರ್ 1882, ಮುಂಬೈ 1886, ಮದರಾಸು 1903. ಸಿವಿಲ್ ಪಶುವೈದ್ಯ ಇಲಾಖೆ ಹುಟ್ಟಿದ್ದು 1890ರ ದಶಕದ ಆರಂಭದಲ್ಲಿ. ಹೆಸರಿಗೆ ಸಿವಿಲ್, ಅಂದರೆ ಸೇನೆಗೆ ಸೇರದ್ದು, ಆದರೂ 1903ರವರೆಗೆ ಕುದುರೆ ತಳಿಯ ಕೆಲಸವೂ ಅದರ ತಲೆ ಮೇಲೇ ಇತ್ತು! ಪ್ರಾಣಿಗಳ ರೋಗದ ಸಂಶೋಧನೆಗೆ 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ತೆರೆದು, ನಾಲ್ಕು ವರ್ಷದ ಮೇಲೆ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದರು. ಅಲ್ಲಿ ಚಳಿ ಇತ್ತು, ಸುತ್ತ ದನಕರು ಕಡಿಮೆ. ರೋಗಾಣು ಇಟ್ಟುಕೊಂಡು ಕೆಲಸ ಮಾಡಲು ಅಂಥ ಜಾಗವೇ ಬೇಕು, ಅಲ್ವಾ?

ಅಲ್ಲಿ ತಯಾರಾದ ಸೀರಮ್ ಎಂಬ ಮದ್ದಿನ ಪಾಡು ಮಾತ್ರ ಕೇಳಬೇಡಿ. ರೋಗ ಗೆದ್ದ ದನದ ರಕ್ತದಿಂದ ತೆಗೆದ ಅದು ಕಾಯುತ್ತಿದ್ದದ್ದು ಕೆಲವೇ ದಿನ. ಗೌಡರು ಮಾಮಲೇದಾರರಿಗೆ ವರದಿ ಕಳಿಸಬೇಕು, ಅದು ಜಿಲ್ಲೆಗೆ ಹೋಗಬೇಕು, ಆಮೇಲೆ ಡಾಕ್ಟರು ಗಾಜಿನ ಸೀಸೆ ಹೊತ್ತು ಬರಬೇಕು. ಅಷ್ಟೊತ್ತಿಗೆ ಕೊಟ್ಟಿಗೆ ಅರ್ಧ ಖಾಲಿ. ಕಾವಲು ಜಾಸ್ತಿ ದಿನ ಉಳಿಯಬೇಕೆಂದರೆ ಸೀರಮ್ಮಿನ ಜೊತೆ ರೋಗದ ದನದ ರಕ್ತವನ್ನೇ ಚುಚ್ಚಬೇಕಿತ್ತು. ಆ ರಕ್ತದಲ್ಲಿ ಉಣ್ಣೆಜ್ವರದ ಪರಾವಲಂಬಿಯೂ ಇದ್ದರೆ ದನ ಇನ್ನೊಂದು ರೋಗಕ್ಕೆ ಸಿಕ್ಕಿಬೀಳುತ್ತಿತ್ತು. ಚೆನ್ನಾಗಿ ಮೇಯುತ್ತಿರುವ ಎತ್ತಿಗೆ ರೋಗದ ರಕ್ತ ಹಾಕಿಸಿ ಅಂದರೆ ರೈತ ಒಪ್ಪುತ್ತಾನಾ? ಅವನ ಅನುಮಾನವನ್ನು ಮೂಢನಂಬಿಕೆ ಅಂತ ಬರೆದಿಟ್ಟ ಅಧಿಕಾರಿಗಳ ಮೇಲೆ ನನಗೆ ಸಿಟ್ಟು ಬರುತ್ತದೆ. ಅನುಮಾನಕ್ಕೆ ಕಾರಣ ಸೀಸೆಯಲ್ಲೇ ಇತ್ತು.

ಗಂಟು ಬಿಚ್ಚಿಕೊಂಡದ್ದು 1920ರ ದಶಕದಲ್ಲಿ. ಮುಕ್ತೇಶ್ವರದ ವಿಜ್ಞಾನಿ ಜೆ.ಟಿ. ಎಡ್ವರ್ಡ್ಸ್ ದೊಡ್ಡರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಹೋದರು. ಹಾಗೆ ದಾಟಿದ ವೈರಸ್ಸು ದನದ ಮಟ್ಟಿಗೆ ಬಲ ಕಳೆದುಕೊಂಡಿತ್ತು, ಆದರೆ ಅದು ಕೊಡುವ ರಕ್ಷಣೆ ವರ್ಷಗಟ್ಟಲೆ ಉಳಿಯುತ್ತಿತ್ತು. ಇನ್ನು ರೋಗ ಬರುವವರೆಗೆ ಕಾಯಬೇಕಾಗಿರಲಿಲ್ಲ. ಆದರೂ ದೇಶದ ತುಂಬ ಊರೂರಿಗೆ ಹೋಗಿ ಹಾಕುವ ಕಾರ್ಯಕ್ರಮ ಶುರುವಾದದ್ದು 1954ರಲ್ಲಿ, ಸ್ವತಂತ್ರ ಸರ್ಕಾರದ ಕಾಲಕ್ಕೆ. ನಾಟಿ ದನಗಳು ಈ ಲಸಿಕೆಯನ್ನು ಚೆನ್ನಾಗಿ ತಡೆದುಕೊಂಡವು. ಸೀಮೆಹಸುಗಳಿಗೆ ಅದು ಕಟುವಾಯಿತು, ಅವಕ್ಕೆ ಇನ್ನೂ ಮೆದುವಾದ ಲಸಿಕೆ ಬರುವವರೆಗೆ ಕಾಯಬೇಕಾಯಿತು.